ಸಿಗಾರ್ ಪೆಟ್ಟಿಗೆಯಲ್ಲಿ ಹುಟ್ಟಿದ ಶಾಸ್ತ್ರ

ನೀವು ಎಂದಾದರೂ ಇಂಜಿನಿಯರಿಂಗ್ ಕಾಲೇಜೊಂದರ ಸಿವಿಲ್ ವಿಭಾಗಕ್ಕೆ ಹೋದರೆ, ಮಣ್ಣು ಪರೀಕ್ಷೆಯ ಪ್ರಯೋಗಾಲಯದೊಳಗೆ ಒಮ್ಮೆ ಇಣುಕಿ ನೋಡಿ. ಅಲ್ಲಿ ಲೋಹದ ಒಂದು ಉಂಗುರದಲ್ಲಿ 20 ಮಿಲಿಮೀಟರ್ ದಪ್ಪದ ಜೇಡಿಮಣ್ಣಿನ ಬಿಲ್ಲೆ ಇರುತ್ತದೆ. ಅದರ ಮೇಲೂ ಕೆಳಗೂ ನೀರು ಹಾಯುವ ಕಲ್ಲು, ಮೇಲಿನಿಂದ ತೂಕ, ಪಕ್ಕದಲ್ಲಿ ಗಡಿಯಾರದಂಥ ಒಂದು ಡಯಲು. ಡಯಲಿನ ಮುಳ್ಳು ಚಲಿಸುವುದು ಕಣ್ಣಿಗೆ ಕಾಣುವುದೇ ಇಲ್ಲ. ವಿದ್ಯಾರ್ಥಿಗಳಿಗೆ ಇಷ್ಟು ಬೇಸರ ತರುವ ಪ್ರಯೋಗ ಇನ್ನೊಂದಿಲ್ಲ! ಈ ಸಾಧನದ ಹೆಸರು ಈಡೋಮೀಟರ್. ಅದರ ಹಿಂದೆ ಒಬ್ಬ ಪ್ರಾಧ್ಯಾಪಕರ ಬದುಕಿನ ಕಥೆಯಿದೆ.

ಕಾರ್ಲ್ ಟೆರ್ಜಾಗಿ 1883ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದರು. ಆಸ್ಟ್ರಿಯದ ಗ್ರಾಜ್‌ನಲ್ಲಿ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮನಸ್ಸು ಹರಿದದ್ದು ಭೂವಿಜ್ಞಾನದ ಕಡೆಗೆ. ಆ ಕಾಲದಲ್ಲಿ ಉಕ್ಕಿನ ತೊಲೆ ಎಷ್ಟು ಭಾರ ತಡೆಯುತ್ತದೆಂದು ಲೆಕ್ಕ ಹಾಕಿ ಹೇಳಬಹುದಿತ್ತು. ಆ ತೊಲೆಯನ್ನು ಹೊತ್ತ ಕಟ್ಟಡದ ಕೆಳಗಿನ ಮಣ್ಣಿನ ವಿಷಯ ಬಂದರೆ ಅನುಭವಸ್ಥರ ಊಹೆಯೇ ಗತಿ. ಬೇರೆ ಬೇರೆ ಕಡೆಯ ಭೂರಚನೆಗಳನ್ನು ಕಂಡು ಮಾಹಿತಿ ಕೂಡಿಸಿದರೆ ನಿಯಮ ತಾನಾಗಿ ಹೊರಬೀಳುತ್ತದೆಂಬ ನಂಬಿಕೆಯಿಂದ, 1912ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಣೆಕಟ್ಟುಗಳ ಕೆಲಸ ನಡೆಯುತ್ತಿದ್ದ ಜಾಗಗಳನ್ನು ಸುತ್ತಿದರು. ಬರಿಗೈಯಲ್ಲಿ ಹಿಂತಿರುಗಿದರು. ಮಣ್ಣನ್ನು ನೋಡಿದರೆ ಸಾಲದು, ಅಳೆಯಬೇಕು ಎಂಬುದು ಮನದಟ್ಟಾದದ್ದು ಆ ಸೋಲಿನಿಂದಲೇ ಎಂದು ನನಗನಿಸುತ್ತದೆ.

ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಇಸ್ತಾಂಬುಲ್‌ನ ಇಂಜಿನಿಯರಿಂಗ್ ಶಾಲೆಯಲ್ಲಿ ಕಲಿಸಲು ಅವರಿಗೆ ಕರೆ ಬಂತು. ಯುದ್ಧದಲ್ಲಿ ಆಸ್ಟ್ರಿಯ ಸೋತಾಗ ಆ ಕೆಲಸವೂ ಹೋಯಿತು. ಅದೇ ಊರಿನ ಅಮೆರಿಕನ್ ಸಂಸ್ಥೆ ರಾಬರ್ಟ್ ಕಾಲೇಜು ಅವರನ್ನು ಸೇರಿಸಿಕೊಂಡಿತು. ಪ್ರಯೋಗಾಲಯಕ್ಕೆ ಹಣವಿರಲಿಲ್ಲ. ಖಾಲಿ ಸಿಗಾರ್ ಪೆಟ್ಟಿಗೆಗಳು, ಕಾಲೇಜಿನ ಕಸದ ರಾಶಿಯಿಂದ ಆಯ್ದು ತಂದ ತುಂಡು ಸಾಮಾನು, ಇವುಗಳಿಂದಲೇ ಉಪಕರಣಗಳನ್ನು ಜೋಡಿಸಿಕೊಂಡರು. ನಮ್ಮ ಕಾಲೇಜಿನಲ್ಲಿ ಸೌಲಭ್ಯವಿಲ್ಲ ಎಂದು ನೀವು ದೂರುವುದುಂಟಲ್ಲವೇ? ದೂರು ನಿಜವೇ ಇರಬಹುದು. ಆದರೂ ಆ ಪೆಟ್ಟಿಗೆಗಳನ್ನು ಸ್ವಲ್ಪ ನೆನೆಯಿರಿ.

ಅವರು ಕಂಡುಕೊಂಡದ್ದೇನು? ಶ್ರೀಖಂಡ ಮಾಡುವಾಗ ಮನೆಯಲ್ಲಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಭಾರ ಹೇರುವುದನ್ನು ನೋಡಿದ್ದೀರಿ. ಭಾರ ಇಟ್ಟ ಕ್ಷಣಕ್ಕೇ ಮೊಸರು ಗಟ್ಟಿಯಾಗುವುದಿಲ್ಲ. ಮೊದಲು ಭಾರವನ್ನು ಹೊರುವುದು ಒಳಗಿನ ನೀರು. ನೀರು ಹನಿಹನಿಯಾಗಿ ಜಿನುಗಿ ಹೋದಂತೆ ಭಾರವು ಗಟ್ಟಿ ಭಾಗದ ಮೇಲೆ ಬೀಳುತ್ತ ಬರುತ್ತದೆ. ನೀರು ತುಂಬಿದ ಜೇಡಿಮಣ್ಣೂ ಹೀಗೆಯೇ. ಒಟ್ಟು ಒತ್ತಡದಲ್ಲಿ ನೀರಿನ ಒತ್ತಡವನ್ನು ಕಳೆದರೆ ಉಳಿಯುವುದು ಕಣಗಳು ಹೊತ್ತ ಒತ್ತಡ. ಮಣ್ಣು ಕುಗ್ಗುವುದೂ ಬಲ ಪಡೆಯುವುದೂ ಅದರಿಂದಲೇ. ಇದಕ್ಕೆ 1923ರಲ್ಲಿ ಅವರು ಸಮೀಕರಣವನ್ನು ಪ್ರಕಟಿಸಿದರು, 1925ರಲ್ಲಿ ಪುಸ್ತಕವನ್ನೇ ಹೊರತಂದರು. ಸಾಯಿಲ್ ಮೆಕ್ಯಾನಿಕ್ಸ್ ಎಂಬ ಶಾಸ್ತ್ರದ ಹುಟ್ಟನ್ನು ಈ ಪುಸ್ತಕದಿಂದ ಎಣಿಸುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಈ ಕುಗ್ಗುವಿಕೆಗೆ ಬೇಕಾದ ಕಾಲವು ಪದರದ ದಪ್ಪದ ವರ್ಗಕ್ಕೆ ಅನುಗುಣವಾಗಿದೆ. 2 ಸೆಂಟಿಮೀಟರ್ ಬಿಲ್ಲೆ ಒಂದು ಗಂಟೆ ತೆಗೆದುಕೊಂಡಿತೆನ್ನಿ. ಅದೇ ಮಣ್ಣಿನ 10 ಮೀಟರ್ ಪದರ 500 ಪಟ್ಟು ದಪ್ಪ. ಅದರ ಮೇಲೂ ಕೆಳಗೂ ನೀರಿಗೆ ದಾರಿಯಿದ್ದರೆ, ಬೇಕಾಗುವುದು ಎರಡೂವರೆ ಲಕ್ಷ ಗಂಟೆ, ಅಂದರೆ 28 ವರ್ಷಕ್ಕೂ ಹೆಚ್ಚು! ಕಟ್ಟಿದವರು ನಿವೃತ್ತರಾದ ಮೇಲೂ ಕಟ್ಟಡ ಇಳಿಯುತ್ತಲೇ ಇರಬಹುದೆಂದು ಒಂದು ದಿನದ ಪ್ರಯೋಗ ಮುಂಚಿತವಾಗಿ ಹೇಳಿಬಿಡುತ್ತದೆ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ಮಳೆಯಲ್ಲಿ ಉಬ್ಬಿ ಗೋಡೆ ಸೀಳುತ್ತದಷ್ಟೆ; ಆ ಉಬ್ಬುವ ಒತ್ತಡವನ್ನು ಅಳೆಯುವುದೂ ಇದೇ ಬಗೆಯ ಸಾಧನದಲ್ಲಿ.

ಪುಸ್ತಕ ಬಂದ ವರ್ಷವೇ ಅಮೆರಿಕದ ಎಂ.ಐ.ಟಿ. ಅವರನ್ನು ಕರೆಸಿಕೊಂಡಿತು. ಅಲ್ಲಿ ಸಹಾಯಕರಾಗಿ ಬಂದ ಆರ್ಥರ್ ಕಾಸಾಗ್ರಾಂಡೆ ಅವರ ಹೆಸರಿನ ಹಿತ್ತಾಳೆ ಬಟ್ಟಲನ್ನು ನೀವು ಮುಂದೆ ತಿರುಗಿಸಲಿದ್ದೀರಿ: ಒಂದು ಸೆಂಟಿಮೀಟರ್ ಎತ್ತರದಿಂದ 25 ಪೆಟ್ಟು. 1929ರಲ್ಲಿ ಟೆರ್ಜಾಗಿ ವಿಯೆನ್ನಾಕ್ಕೆ ಪ್ರಾಧ್ಯಾಪಕರಾಗಿ ಮರಳಿದರು.

ಅಲ್ಲಿ ನಡೆದದ್ದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅದೇ ಸಂಸ್ಥೆಯಲ್ಲಿ ಪೌಲ್ ಫಿಲ್ಲುಂಗರ್ ಎಂಬ ಪ್ರಾಧ್ಯಾಪಕರಿದ್ದರು, ಗಣಿತದಲ್ಲಿ ಗಟ್ಟಿಗರು. ಟೆರ್ಜಾಗಿಯವರ ಸಿದ್ಧಾಂತದ ಬುಡವೇ ಸಡಿಲ ಎಂಬುದು ಅವರ ವಾದ. 1936ರ ಕೊನೆಗೆ ಅವರು ಒಂದು ಕಿರುಹೊತ್ತಿಗೆಯನ್ನು ಅಚ್ಚು ಹಾಕಿಸಿದರು. ಅದರಲ್ಲಿ ಗಣಿತವೂ ಇತ್ತು, ಸಹೋದ್ಯೋಗಿಯ ಪ್ರಾಮಾಣಿಕತೆಯ ಮೇಲೆ ಕಟುವಾದ ಆರೋಪವೂ ಇತ್ತು. ವಿಚಾರಣೆಗೆ ಸಮಿತಿ ನೇಮಕವಾಯಿತು. ತೀರ್ಮಾನ ಟೆರ್ಜಾಗಿಯವರ ಪರವಾಗಿ ಬಂತು. 1937ರ ಮಾರ್ಚ್‌ನಲ್ಲಿ ಫಿಲ್ಲುಂಗರ್ ಮತ್ತು ಅವರ ಪತ್ನಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

ದುಃಖದ ಸಂಗತಿಯೆಂದರೆ, ಆ ಹೊತ್ತಿಗೆಯ ಗಣಿತ ಹುಸಿಯಾಗಿರಲಿಲ್ಲ. ಘನ ಮತ್ತು ದ್ರವ ಎರಡನ್ನೂ ಒಟ್ಟಿಗೆ ಹಿಡಿಯುವ ಇನ್ನೂ ವ್ಯಾಪಕವಾದ ಸಿದ್ಧಾಂತದ ಮೊದಲ ರೂಪ ಅದರಲ್ಲಿತ್ತೆಂದು ದಶಕಗಳ ನಂತರ ವಿದ್ವಾಂಸರು ಗುರುತಿಸಿದರು. ಟೆರ್ಜಾಗಿಯವರ ಸಮೀಕರಣ ಸರಳವಾಗಿದ್ದರೂ ಅಡಿಪಾಯ ಹಾಕುವವರಿಗೆ ಸಾಕಾಗುತ್ತಿತ್ತು. ಇಬ್ಬರೂ ತಪ್ಪಾಗಿರಲಿಲ್ಲ. ಬೈಗುಳವಿಲ್ಲದೆ ಅದೇ ಗಣಿತ ಅಚ್ಚಾಗಿದ್ದರೆ ಏನಾಗುತ್ತಿತ್ತೋ, ಯೋಚಿಸಿ.

1938ರಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯವನ್ನು ನುಂಗಿತು. ಟೆರ್ಜಾಗಿ ಅಮೆರಿಕಕ್ಕೆ ಹೊರಟು, ಹಾರ್ವರ್ಡ್ ವಿಶ್ವವಿದ್ಯಾನಿಲಯ ಸೇರಿದರು. 1963ರಲ್ಲಿ ತೀರಿಕೊಂಡರು. ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಮೆತ್ತನೆಯ ಜೇಡಿಪದರದ ಮೇಲೆ ಅವರ ಸಲಹೆಯಂತೆ ಕಟ್ಟಿದ ಮಿಷನ್ ಅಣೆಕಟ್ಟಿಗೆ 1965ರಲ್ಲಿ ಅವರ ಹೆಸರನ್ನೇ ಇಟ್ಟರು.