ಕೊಳ್ಳೇಗಾಲದ ಗೆರೆ ಎಲ್ಲಿ ತುಂಡಾಯ್ತು?

ಹೊಟ್ಟೆಪಾಡಿಗೆ ನಾನು ಮಾಡೋದು ಸಾಫ್ಟ್‌ವೇರು. ಅದರಲ್ಲಿ ಅರ್ಧ ದಿನ ಚಾರ್ಟ್ ಬರೆಯೋದರಲ್ಲೇ ಕಳೆಯುತ್ತೆ. ಬಾರ್ ಚಾರ್ಟ್, ಲೈನ್ ಚಾರ್ಟ್, ಪೈ ಚಾರ್ಟ್ - ಈ ಮೂರನ್ನೂ ನಮಗೆ ಕೊಟ್ಟವನು ಒಬ್ಬನೇ ಮನುಷ್ಯ ಅಂದ್ರೆ ನಂಬ್ತೀರಾ? ಅವನ ಹೆಸರು ವಿಲಿಯಂ ಪ್ಲೇಫೇರ್. ಸ್ಕಾಟ್ಲೆಂಡಿನವನು, ಜೇಮ್ಸ್ ವಾಟ್‌ನ ಹತ್ತಿರ ನಕ್ಷೆ ಬರೆಯುತ್ತಿದ್ದವನು.

1786ರಲ್ಲಿ ಬಂದ ಅವನ ಪುಸ್ತಕದ ತುಂಬಾ ಇಂಗ್ಲೆಂಡಿನ ವ್ಯಾಪಾರದ ಏರಿಳಿತ ತೋರಿಸೋ ಗೆರೆಗಳು. ಸ್ಕಾಟ್ಲೆಂಡಿಗೆ ಮಾತ್ರ ಹಲವು ವರ್ಷಗಳ ಅಂಕಿ ಸಿಗಲಿಲ್ಲ. ಒಂದೇ ವರ್ಷದ ಲೆಕ್ಕದಲ್ಲಿ ಗೆರೆ ಎಳೆಯೋದು ಹೇಗೆ? ದೇಶಕ್ಕೊಂದು ಪಟ್ಟಿ ನಿಲ್ಲಿಸಿದ. ಬಾರ್ ಚಾರ್ಟ್ ಹುಟ್ಟಿದ್ದು ಹೀಗೆ, ಅಂಕಿಯ ಕೊರತೆಯಿಂದ!

ಪೈ ಚಾರ್ಟ್ ಬಂದಿದ್ದು 1801ರಲ್ಲಿ. ಆ ಪುಸ್ತಕದಲ್ಲಿ ಯೂರೋಪಿನ ರಾಜ್ಯಗಳ ಜೊತೆ ಹಿಂದೂಸ್ಥಾನದ ಆಳುವ ಶಕ್ತಿಗಳ ಲೆಕ್ಕವನ್ನೂ ಸೇರಿಸಿದ್ದ. ಆಗಿನ್ನೂ ಟಿಪ್ಪು ಸತ್ತು ಎರಡೇ ವರ್ಷ. ಅದರ ಹಿಂದಿನ ವರ್ಷವಷ್ಟೇ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಕೊಳ್ಳೇಗಾಲ, ಹನೂರು ಸೀಮೆ ಹಾದು ಕಾವೇರಿಪುರದ ಕಡೆ ಹೋಗಿದ್ದ, ಬೆಳೆ, ಕೆರೆ, ದರ ಎಲ್ಲ ಬರೆದುಕೊಳ್ಳುತ್ತಾ.

ಈಗ ಈ ಚಾರ್ಟುಗಳನ್ನು ಇದೇ ಸೀಮೆಯ ಮೇಲೆ ಇಟ್ಟು ನೋಡೋಣ.

ಮೊದಲು ಬಾರ್ ಚಾರ್ಟ್. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 9,65,462, 2011ರಲ್ಲಿ 10,20,791. ಹೆಚ್ಚಿದ್ದು ಶೇಕಡಾ 6ಕ್ಕೂ ಕಡಿಮೆ. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕದ್ದು ಶೇಕಡಾ 15.6. ಆದರೆ ಪಟ್ಟಿಗಳನ್ನು ಸೊನ್ನೆಯಿಂದ ಎತ್ತದೆ 9.5 ಲಕ್ಷದಿಂದ ಎತ್ತಿ ನೋಡಿ. ಎರಡನೇ ಪಟ್ಟಿ ಮೊದಲನೆಯದರ ನಾಲ್ಕೂವರೆ ಪಟ್ಟು ಕಾಣುತ್ತೆ! ಅಂಕಿ ಎರಡೂ ಸರಿ, ಚಿತ್ರ ಮಾತ್ರ ಸುಳ್ಳು.

ಲೈನ್ ಚಾರ್ಟಿನ ಕಥೆ ಇನ್ನೂ ಮಜ. 1799ರ ಹಂಚಿಕೆಯಲ್ಲಿ ಕೊಳ್ಳೇಗಾಲ ಕಂಪನಿಗೆ ಹೋಯಿತು, ಆಮೇಲೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲೂಕಾಯಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಬರೀ 102 ಚದರ ಮೈಲಿಯ ಜಹಗೀರು. ಹಾಗಾಗಿ 1871ರಿಂದ 1951ರವರೆಗೆ ಜನಗಣತಿಯಲ್ಲಿ ಈ ಅಕ್ಕಪಕ್ಕದ ಊರುಗಳು ಬೇರೆ ಬೇರೆ ಸರ್ಕಾರದ ಪುಸ್ತಕದಲ್ಲಿ! ಬಿಳಿಗಿರಿರಂಗ ಮೈಸೂರಿನ ಲೆಕ್ಕಕ್ಕೆ, ಮಾದಪ್ಪ ಮದರಾಸಿನ ಲೆಕ್ಕಕ್ಕೆ. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಎರಡೂ ಚಾಮರಾಜನಗರ ಜಿಲ್ಲೆಗೆ ಸೇರಿದವು.

ಇಷ್ಟಾದ ಮೇಲೆ ಹನೂರು. 2017-18ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲೂಕುಗಳಲ್ಲಿ ಅದೂ ಒಂದು. ಕೊಳ್ಳೇಗಾಲದಿಂದ ಕಾಡು, ಬೆಟ್ಟದ ಬಹುಪಾಲು ಅದಕ್ಕೆ ಹೋಯಿತು. ಜಿಲ್ಲೆಯ ಪೈ ಚಾರ್ಟಿನಲ್ಲಿ ನಾಲ್ಕು ತುಂಡಿದ್ದದ್ದು ಐದಾಯಿತು.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. 2027ರದಕ್ಕೆ 2025ರಲ್ಲಿ ಅಧಿಸೂಚನೆ ಬಂತು. ಆ ಅಂಕಿ ಬಂದಾಗ ಯಾರಾದರೂ ಹಳೇ ಕೊಳ್ಳೇಗಾಲ ತಾಲೂಕಿನ ಪಕ್ಕ ಹೊಸ ಕೊಳ್ಳೇಗಾಲ ತಾಲೂಕನ್ನಿಟ್ಟು ಗೆರೆ ಎಳೆದರೆ ಅದು ಧೊಪ್ಪಂತ ಕೆಳಗೆ ಬೀಳುತ್ತೆ. ಜನ ಊರು ಬಿಟ್ಟರು ಅಂತ ತಲೆಬರಹ ಬಂದರೂ ಬರಬಹುದು. ಹನೂರಿಗಂತೂ ಹಿಂದಿನ ಗೆರೆಯೇ ಇರಲ್ಲ. ಸ್ಕಾಟ್ಲೆಂಡಿನ ಹಾಗೆ ಒಂಟಿ ಪಟ್ಟಿ.

ಇದೇನು ಬರೀ ಚಿತ್ರದ ತಕರಾರಲ್ಲ ಮಾರಾಯ್ರೆ. ಶಾಲೆ, ಆಸ್ಪತ್ರೆ, ನೀರಿಗೆ ದುಡ್ಡು ಹಂಚುವ ಮೇಜಿನ ಮೇಲೆ ಕೂರೋದು ಇಂಥ ಚಾರ್ಟುಗಳೇ. ಗೆರೆ ಬಿದ್ದ ಊರಿಗೆ ಕಡಿಮೆ ಸಾಕು ಅನ್ನಿಸಿಬಿಟ್ಟರೆ ಕಾಡಂಚಿನ ಹಳ್ಳಿಯ ಮಗು ಇನ್ನೂ ನಾಲ್ಕು ವರ್ಷ ನಡೆಯಬೇಕಾಗುತ್ತೆ. ಪರಿಹಾರ ಕಷ್ಟದ್ದಲ್ಲ. 2011ರ ಹಳ್ಳಿವಾರು ಲೆಕ್ಕ ಇದ್ದೇ ಇದೆ. ಈಗಿನ ಗಡಿಯ ಪ್ರಕಾರ ಆ ಹಳ್ಳಿಗಳನ್ನು ಮತ್ತೆ ಕೂಡಿ, ಆಮೇಲೆ ಗೆರೆ ಎಳೆದರಾಯ್ತು. ಒಂದು ಸಂಜೆಯ ಕೆಲಸ. ನಮ್ಮಲ್ಲಿ ಎಕ್ಸೆಲ್ ಬಲ್ಲವರಿಗೇನು ಬರವೇ?