ಬಡಗಿಯ ಮಾತು
‘ಹಾರ್ಮನಿ’ ಎಂದರೆ ಇಂಪು ಎಂದೇ ನಾನು ತರಗತಿಯಲ್ಲಿ ಬಹುಕಾಲ ಹೇಳಿಕೊಂಡು ಬಂದೆ. ಅದು ತಪ್ಪು. ಗ್ರೀಕಿನ ‘ಹಾರ್ಮೊನಿಯಾ’ ಮೊದಲಿಗೆ ಬಡಗಿಯ ಮಾತು; ಮರಕ್ಕೆ ಮರ ಕೂಡಿಸುವ ಕೀಲು, ಜೋಡಣೆ. ಹೋಮರನ ‘ಒಡಿಸ್ಸಿ’ಯ ಐದನೆಯ ಸರ್ಗವನ್ನು ನೋಡಿ. ಕ್ಯಾಲಿಪ್ಸೊವಿನ ದ್ವೀಪವನ್ನು ಬಿಟ್ಟು ಮನೆಗೆ ಮರಳಲು ಒಡಿಸ್ಯೂಸ್ ತೆಪ್ಪ ಕಟ್ಟುತ್ತಾನೆ. ಕಡಿದ ದಿಮ್ಮಿಗಳನ್ನು ಅವನು ಬಿಗಿಯುವುದು ಗೂಟಗಳಿಂದ, ಈ ‘ಹಾರ್ಮೊನಿಯಾ’ಗಳಿಂದ. ಅಲ್ಲಿ ಸಂಗೀತದ ಸೊಲ್ಲೇ ಇಲ್ಲ! ತಂತಿಗೆ ತಂತಿ ಹೊಂದಿಸುವ ಶ್ರುತಿಗೆ ಆ ಹೆಸರು ಸಂದದ್ದು ಆಮೇಲೆ; ಹಲವು ಸ್ವರಗಳು ಒಟ್ಟಿಗೆ ನುಡಿಯುವ ಅರ್ಥ ಇನ್ನೂ ಎಷ್ಟೋ ತಡವಾಗಿ ಬಂದದ್ದು.

೧೮೪೨ರಲ್ಲಿ ಪ್ಯಾರಿಸಿನ ಡೆಬೇನ್ ತನ್ನ ತಿದಿಯ ಪೆಟ್ಟಿಗೆಗೆ ‘ಹಾರ್ಮೋನಿಯಂ’ ಎಂದು ಹೆಸರಿಟ್ಟ. ನಮ್ಮ ನಾಟಕ ಕಂಪೆನಿಗಳು ಅದನ್ನು ಅಪ್ಪಿಕೊಂಡವು. ಆದರೆ ಅದರ ಸ್ಥಿರಸ್ವರಗಳು ನಮ್ಮ ರಾಗಗಳೊಡನೆ ಹೊಂದವೆಂದು ೧೯೪೦ರಲ್ಲಿ ಆಕಾಶವಾಣಿ ಅದನ್ನು ಹೊರಗಟ್ಟಿತು. ಹೊಂದಾಣಿಕೆಯನ್ನೇ ಹೆಸರಾಗಿ ಹೊತ್ತ ವಾದ್ಯವನ್ನು!