ಹಿಂದುಮುಂದಿಲ್ಲದ ದೋಣಿ

ಮೈಲಾರಲಿಂಗನ ಕ್ಷೇತ್ರವಾದ ಮೈಲಾರವು ಹೂವಿನಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಬಲದಂಡೆಯ ಮಗ್ಗುಲಿಗಿದ್ದು, ಹೊಳೆಯ ಆಚೆ ದಡ ಹಾವೇರಿ ಜಿಲ್ಲೆಗೆ ಸೇರುತ್ತದೆ. ಇಂದು ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವಿನ ಗಡಿಯಾಗಿರುವ ಈ ನೀರು, ಬಳ್ಳಾರಿ ಸೀಮೆ 1953ರಲ್ಲಿ ಮೈಸೂರಿಗೆ ಸೇರುವವರೆಗೆ ಮದರಾಸು ಮತ್ತು ಮುಂಬಯಿ ಆಡಳಿತಗಳ ನಡುವಿನ ಗಡಿಯಾಗಿತ್ತು. ಭಾರತ ಹುಣ್ಣಿಮೆಯ ಹೊತ್ತಿಗೆ, ಅಂದರೆ ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ಒಂದೇ ಸಾಲಿನಲ್ಲಿ ಭವಿಷ್ಯ ನುಡಿಯುವ ಕಾರಣಿಕದ ಹೊತ್ತಿಗೆ, ಎಡದಂಡೆಯ ಹಳ್ಳಿಗಳಿಂದ ಬರುವವರು ಒಂದು ಪ್ರಾಂತವನ್ನು ಬಿಟ್ಟು ಇನ್ನೊಂದಕ್ಕೆ ಕಾಲಿಡುತ್ತಿದ್ದರು. ಮಾಘದಲ್ಲಿ ಹೊಳೆ ಇಳಿದಿರುವುದರಿಂದ ಮರಳಿನಲ್ಲಿ ಬಂಡಿಯನ್ನೇ ಹಾಯಿಸಬಹುದಾಗಿತ್ತು. ಮಡುವಿದ್ದ ಕಡೆಗೂ ಮಳೆಗಾಲದ ತಿಂಗಳುಗಳಿಗೂ ಹರಿಗೋಲು ಬೇಕಾಗುತ್ತಿತ್ತು. ದೋಣಿ ಎಂಬ ಮಾತಿಗೆ ಮೈಲಾರದ ಗೊರವರಲ್ಲಿ ಬೇರೆಯೇ ಅರ್ಥವಿದೆ ಎಂಬುದನ್ನು ಇಲ್ಲಿ ಗಮನಿಸಬಹುದು: ಅವರಿಗೆ ಅದು ದೋಣಿಸೇವೆಯಲ್ಲಿ ಹಾಲು, ತುಪ್ಪ, ಬಾಳೆಹಣ್ಣುಗಳನ್ನು ತುಂಬಿ ಸುತ್ತ ಕುಳಿತು ಬಾಯಿಟ್ಟು ಉಣ್ಣುವ ಪಾತ್ರೆ. ನೀರಿನ ಮೇಲೆ ತೇಲುವುದನ್ನು ಈ ಸೀಮೆಯ ಜನ ಹರಿಗೋಲು ಎನ್ನುತ್ತಾರೆ, ಇಲ್ಲವೇ ತೆಪ್ಪ ಎನ್ನುತ್ತಾರೆ.

ಹಡಗಲಿಯ ಹೆಸರಿನಲ್ಲೇ ಹಡಗು ಅಡಗಿದೆ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಇಲ್ಲಿ ಬೆಳೆದ ಹೂವು ಹೊಳೆಯ ಮೇಲೆ ಹಂಪಿಗೆ ಹೋಗುತ್ತಿತ್ತೆಂದೂ ಆ ಹೂವಿನ ಹಡಗಿನಿಂದ ಊರಿಗೆ ಹೆಸರು ಬಂತೆಂದೂ ಹೇಳುವ ಈ ಕಥೆ ಚೆಂದವಾಗಿದೆ, ಆದರೆ ಅದು ಶಾಸನದ ಮುಂದೆ ನಿಲ್ಲುವುದಿಲ್ಲ. ವಿಜಯನಗರ ಹುಟ್ಟುವುದಕ್ಕೆ ಎಷ್ಟೋ ಮೊದಲು, ಕಲ್ಯಾಣ ಚಾಲುಕ್ಯರ ಕಾಲದಲ್ಲೇ, ಊರು ಪೂವಿನ ಪೊಸವಡಂಗಿಲೆ ಎಂದು ಕರೆಸಿಕೊಂಡಿತ್ತು. ಹೂವು ಹೊಳೆಯ ಮೇಲೆ ಹೋಗಿದ್ದರೂ ಅದು ಹಡಗಿನಲ್ಲಿ ಹೋಗಿರಲಾರದು, ಬುಟ್ಟಿಯಲ್ಲಿ ಹೋಗಿರಬೇಕು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಹೊಳೆ ದಾಟಿಸುವ ದೋಣಿಗಳು ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತದ ಹೆಣಿಗೆ ಹೊರಗೆ ಚರ್ಮದ ಹೊದಿಕೆ ಉಳ್ಳವೆಂದೂ, 15ರಿಂದ 20 ಜನರನ್ನು ಹೊರುತ್ತವೆಂದೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತವೆಂದೂ, ನೇರವಾಗಿ ಹೋಗಲಾರದೆ ಸದಾ ಗಿರಗಿರನೆ ತಿರುಗುತ್ತವೆಂದೂ, ನಾಡಿನ ಹೊಳೆಗಳಲ್ಲೆಲ್ಲ ಇವಲ್ಲದೆ ಬೇರೆ ದೋಣಿಯೇ ಇಲ್ಲವೆಂದೂ ಬರೆದಿಟ್ಟಿದ್ದಾನೆ. ಕಡಲ ಹಡಗಿನಲ್ಲಿ ಬಂದವನ ಕಣ್ಣಿಗೆ ಆ ತಿರುಗುವಿಕೆ ಕೊರತೆಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಇಂಗ್ಲಿಷರ ದಂಡಿಗೆ ಈ ದೋಣಿ ಬೇರೆ ರೀತಿಯಲ್ಲಿ ಕಂಡಿತು: ಬಂಡಾಯಗಾರ ಧೊಂಡಿಯಾ ವಾಘನ ಬೆನ್ನುಹತ್ತಿ 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರನ್ನು ಹಿಡಿದ ಆರ್ಥರ್ ವೆಲ್ಲೆಸ್ಲಿ, 1803ರ ಮರಾಠಾ ಯುದ್ಧದ ಹೊತ್ತಿಗೆ ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಕಟ್ಟಿಸಿಡಲು ತಾನೇ ಆದೇಶ ಬರೆಯತೊಡಗಿದ್ದನು.

ಪಾಯಸ್ ಕಂಡ ಗಿರಕಿಗೆ ಕಾರಣ ದೋಣಿಯ ಆಕಾರದಲ್ಲಿದೆ. ಬಿದಿರಿನ ಸೀಳುಗಳನ್ನು ಅಡ್ಡ ಉದ್ದ ಹೆಣೆದು, ಅಂಚಿಗೆ ದಪ್ಪ ಬಳೆಯಂತೆ ಬಿದಿರು ಸುತ್ತಿ, ಹೊರಮೈಗೆ ಹಿಂದೆ ದನದ ಇಲ್ಲವೇ ಎಮ್ಮೆಯ ತೊಗಲನ್ನು ಹೊಲಿದು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದು ಸಿದ್ಧಪಡಿಸುವ ಈ ದೋಣಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ, ನೀರನ್ನು ಸೀಳಿ ದಾರಿ ಹಿಡಿಯಲು ತಳದಲ್ಲಿ ಏಣೂ ಇಲ್ಲ. ಅಂಬಿಗನು ತಾನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಮಂಡಿಯೂರಿ, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ, ಎಡಬಲ ಬದಲಿಸುತ್ತ ದೋಣಿಯನ್ನು ಸೆಳೆದೊಯ್ಯುತ್ತಾನೆ; ಎಳೆತ ಒಂದು ಬದಿಗೆ ತುಸು ಹೆಚ್ಚಾದರೂ ದೋಣಿ ತಿರುಗುತ್ತದೆ. ಏಣಿಲ್ಲದ ಕಾರಣಕ್ಕೇ ಅದು ಮೊಣಕಾಲುದ್ದದ ನೀರಿನಲ್ಲೂ ಬಂಡೆಯ ಸಂದಿಯಲ್ಲೂ ಸಾಗುತ್ತದೆ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕಿ ಬೇಸಿಗೆಯಲ್ಲಿ ಬಂಡೆ ತೋರುವ ತುಂಗಭದ್ರೆಯಂಥ ಹೊಳೆಗೆ ನೇರ ನಡಿಗೆಗಿಂತ ಈ ಗುಣವೇ ಹೆಚ್ಚು ಬೇಕಾದದ್ದು.

ಆದರೆ ಇಂಥ ದೋಣಿಯಲ್ಲಿ ಸಮತೂಕವನ್ನು ಕಾಯುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಮೋಟಾರ್ ದೋಣಿಗಳಲ್ಲಿ ಈ ಕೆಲಸಕ್ಕೆ ಟ್ರಿಮ್ ಟ್ಯಾಬ್ ಎಂಬ ಸಲಕರಣೆ ಇದೆ. ದೋಣಿಯ ಹಿಂಬದಿಯ ಹಲಗೆಯ ಕೆಳ ಅಂಚಿಗೆ, ಎಡಕ್ಕೊಂದು ಬಲಕ್ಕೊಂದು, ಕೀಲು ಹಾಕಿ ಜೋಡಿಸಿದ ಲೋಹದ ತಗಡುಗಳಿಗೆ ಈ ಹೆಸರು. ವೇಗ ಹೆಚ್ಚುವಾಗ ಇಂಥ ದೋಣಿಯ ಹಿಂಭಾಗ ನೀರಿನಲ್ಲಿ ಕೂತು ಮೂತಿ ಮೇಲೇಳುತ್ತದೆ, ಚಾಲಕನಿಗೆ ಎದುರಿನದು ಕಾಣದಾಗುತ್ತದೆ, ಇಂಧನ ವ್ಯರ್ಥವಾಗುತ್ತದೆ. ಆಗ ತಗಡನ್ನು ಕೆಳಕ್ಕೆ ಬಾಗಿಸಿದರೆ ಅದಕ್ಕೆ ಬಡಿದ ನೀರು ಹಿಂಭಾಗವನ್ನು ಎತ್ತುವುದರಿಂದ ಮೂತಿ ಇಳಿದು, ದೋಣಿ ಬೇಗನೆ ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಒಂದು ಬದಿಗೆ ವಾಲಿದ ದೋಣಿಯನ್ನು ಆ ಬದಿಯ ತಗಡೊಂದನ್ನೇ ಬಾಗಿಸಿ ನೆಟ್ಟಗಾಗಿಸಬಹುದು. ಆದ್ದರಿಂದ ತಗಡಿನಿಂದ ನಡಿಗೆ ಸುಧಾರಿಸುತ್ತದೆ ಎಂಬುದು ನಿಜ, ಆದರೆ ಅದರ ಬಲವೆಲ್ಲ ಬಡಿಯುವ ನೀರಿನಿಂದ ಬಂದದ್ದು: ನಿಂತ ದೋಣಿಯಲ್ಲಿ ಅದು ಬರಿಯ ತಗಡು, ಅಗತ್ಯಕ್ಕಿಂತ ಹೆಚ್ಚು ಬಾಗಿಸಿದರೆ ಓಟಕ್ಕೆ ತಡೆ, ಹಿಂದಿನಿಂದ ಅಲೆ ಬರುವಾಗ ಮೂತಿಯನ್ನು ನೀರಿಗೆ ನಾಟಿಸುವ ಅಪಾಯ.

ನಡಿಗೆಯ ವೇಗವನ್ನೂ ಮೀರದ ಹರಿಗೋಲಿನಲ್ಲಿ ತಗಡಿನ ಈ ಕೆಲಸ ಕುಳಿತವರ ಮೈಭಾರಕ್ಕೆ ಸೇರಿದ್ದು. 8 ಅಡಿ ಅಗಲದ ಹರಿಗೋಲಿನ ತಳದ ವಿಸ್ತೀರ್ಣ ಸುಮಾರು 4.7 ಚದರ ಮೀಟರ್. ಅಂದರೆ ಸುಮಾರು 47 ಕೆ.ಜಿ. ಭಾರ ಏರಿದರೆ ಅದು ಒಂದು ಸೆಂಟಿಮೀಟರ್ ಮುಳುಗುತ್ತದೆ, ಹನ್ನೆರಡು ಜನ ಕುಳಿತರೂ ಗೇಣು ಆಳಕ್ಕಿಳಿಯುವುದಿಲ್ಲ. ಭಾರ ಹೊರುವುದರಲ್ಲಿ ಇಷ್ಟು ಧಾರಾಳಿಯಾದ ದೋಣಿ ಭಾರ ಸರಿದಾಡುವುದನ್ನು ಮಾತ್ರ ಅಷ್ಟು ಸುಲಭವಾಗಿ ಸಹಿಸುವುದಿಲ್ಲ. ನಡುವೆ ಕುಳಿತ ಒಬ್ಬ ಅಂಚಿಗೆ ಸರಿದರೆ ಆ ಅಂಚು ಹೆಚ್ಚುಕಡಿಮೆ 5 ಸೆಂಟಿಮೀಟರ್ ಕುಸಿಯುವುದರಿಂದ, ಏನನ್ನೋ ನೋಡಲು ಆರು ಜನ ಒಂದೇ ಬದಿಗೆ ಎದ್ದು ನಿಂತರೆ ಅಂಚು ನೀರಿಗೆ ತೀರ ಹತ್ತಿರ ಬರುತ್ತದೆ. ಅಂಬಿಗನು ಎಲ್ಲರನ್ನೂ ತಳದಲ್ಲೇ ಕುಕ್ಕರಗಾಲಿನಲ್ಲಿ ಕುಂದರಿಸುವುದು, ಏಳಬ್ಯಾಡ್ರಿ ಎಂದು ಗದರುವುದು, ಕಾಳಿನ ಚೀಲವನ್ನು ತನ್ನ ಎದುರಂಚಿಗೆ ಸರಿಸಿಡುವುದು, ಇವೆಲ್ಲ ಈ ಲೆಕ್ಕವೇ. ಹುಟ್ಟು ಹಾಕುವವನ ಮೈಭಾರದಿಂದ ಮುಂದಿನ ಅಂಚು ತಗ್ಗಿರುತ್ತದೆ. ಅದನ್ನು ಸರಿದೂಗಿಸುವ ಚೀಲವೇ ಹರಿಗೋಲಿನ ಟ್ರಿಮ್ ಟ್ಯಾಬ್ ಎಂದರೆ ತಪ್ಪಾಗದು.

ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಯ್ದವರು ಹೊಳೆಸಾಲಿನ ಅಂಬಿಗರು. ಎದುರು ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರವು 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಉಳಿಸಿಕೊಂಡಿದೆ. ಶರಣರಲ್ಲಿ ಬಹುಪಾಲು ಮಂದಿ ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ ಇವನು ತನ್ನ ಕಸುಬನ್ನೂ ಹೆಸರನ್ನೂ ಕೂಡಿಸಿ ಅದನ್ನೇ ಅಂಕಿತ ಮಾಡಿಕೊಂಡನು.

ಸೇತುವೆಗಳು ಈ ಕಸುಬನ್ನು ಒಂದೇ ಸಲಕ್ಕೆ ನುಂಗಲಿಲ್ಲ. ಹರಿಹರದ ಸೇತುವೆ 1868ರಲ್ಲಿ ಮುಗಿದ ಮೇಲೂ ಉಳಿದ ಕಡವುಗಳಲ್ಲಿ, ಅಂದರೆ ಹೊಳೆ ದಾಟುವ ತಾಣಗಳಲ್ಲಿ, ಹರಿಗೋಲು ನಡೆದೇ ಇತ್ತು. ಹಂಪಿಯ ಬಳಿ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದಾಗ ಆನೆಗೊಂದಿಯ ಕಡವಿಗೆ ಹರಿಗೋಲಿನ ಕೆಲಸ ತಪ್ಪಲಿಲ್ಲ. ಮೈಲಾರದ ಕಡೆ ಈಗ ಹೊಳೆಯ ಮಟ್ಟವೂ ಮೇಲಿನ ಜಲಾಶಯದ ಕೈಯಲ್ಲಿದ್ದು, ಜಾತ್ರೆಯ ಭಕ್ತರಿಗಾಗಿ ಭದ್ರಾ ಜಲಾಶಯದಿಂದ ನದಿಗೆ ನೀರು ಬಿಡುವುದು ರೂಢಿಯಾಗಿದೆ. ನೆರೆ ಬಂದಾಗ ಕಾಣಿಸಿಕೊಳ್ಳುವ ರಕ್ಷಣಾ ಪಡೆಗಳ ರಬ್ಬರ್ ದೋಣಿಗಳು ಮೋಟಾರಿನವಾದರೂ, ವೇಗ ಏರಿದಾಗ ಎದ್ದ ಮೂತಿಯನ್ನು ಇಳಿಸಲು ಅವುಗಳ ಸಿಬ್ಬಂದಿ ಮುಂದಕ್ಕೆ ಬಾಗಿ ಕೂರಬೇಕಾಗುತ್ತದೆ. ಹರಿಗೋಲಿನವನ ಅಭ್ಯಾಸ ಇದಕ್ಕಿಂತ ಸೂಕ್ಷ್ಮವಾದದ್ದು: ಜನರನ್ನು ದಡಕ್ಕಿಳಿಸಿ ಬರಿಯ ದೋಣಿಯಲ್ಲಿ ಮರಳುವಾಗ, ಎದುರಂಚಿಗೆ ಭಾರವಿಲ್ಲದ ಕಾರಣ, ಅವನು ಮಂಡಿಯನ್ನು ಅಂಚಿನಿಂದ ತುಸು ನಡುವಿಗೆ ಸರಿಸಿಕೊಂಡು ಹುಟ್ಟನ್ನು ಇನ್ನಷ್ಟು ಉದ್ದಕ್ಕೆ ಚಾಚುತ್ತಾನೆ.